ದೂರು ಕೊಡಲಾರದವರಿಗೂ ನ್ಯಾಯ

ದೊಡ್ಡ ಕಂಪನಿಯ ಬಲ ಎಷ್ಟೆಂದು ತಿಳಿಯಲು ಅದರ ಲಾಭದ ಲೆಕ್ಕ ನೋಡಬೇಕಿಲ್ಲ. ಅದರಿಂದ ಅನ್ಯಾಯವಾದಾಗ ಎಷ್ಟು ಜನ ಬಾಯಿ ಬಿಡುತ್ತಾರೆ ಎಂದು ಕೇಳಿದರೆ ಸಾಕು.

ಬೆಂಗಳೂರಿನ ಪೀಣ್ಯದ ಶೆಡ್ಡುಗಳನ್ನೇ ನೋಡಿ. ನಾಲ್ಕೈದು ಲೇತು, ಒಂದೆರಡು ಸಿಎನ್‌ಸಿ ಯಂತ್ರ, ಹತ್ತು ಹದಿನೈದು ಕೆಲಸಗಾರರು. ದೊಡ್ಡ ಕಂಪನಿ ಕೊಟ್ಟ ಡ್ರಾಯಿಂಗಿನಂತೆ ಬಿಡಿಭಾಗ ಮಾಡಿ, ಹೇಳಿದ ದಿನಕ್ಕೆ ಮುಟ್ಟಿಸುತ್ತಾರೆ. ಹಣ ಮಾತ್ರ ಬರುವಾಗ ಬರುತ್ತದೆ. ಅಲ್ಲಿಯವರೆಗೆ ಸಂಬಳ, ಕರೆಂಟ್ ಬಿಲ್ಲು, ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿ ಯಾವುದೂ ಕಾಯುವುದಿಲ್ಲ. ಲೋಹಕ್ಕೆ ಲೇಪನ ಹಾಕುವ ಪ್ಲೇಟಿಂಗ್ ಘಟಕಗಳದ್ದೂ ಇದೇ ಪಾಡು. ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದ್ದರಲ್ಲಿ ಅವರ ತಪ್ಪಿದೆ, ನಿಜ. ಆದರೆ ಕಡಿಮೆ ದರಕ್ಕೆ ಕೆಲಸ ಮಾಡಿಸಿ ಹಣವನ್ನೂ ತಡವಾಗಿ ಕೊಡುವವರು ನೀರು ಶುದ್ಧೀಕರಿಸುವ ಖರ್ಚನ್ನು ಆ ದರದಲ್ಲಿ ಎಂದಾದರೂ ಸೇರಿಸಿದ್ದಾರೆಯೇ?

ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಅದನ್ನು ವಸೂಲಿ ಮಾಡಲು ದೂರು ಕೊಡಬೇಕು. ದೂರು ಕೊಟ್ಟವನಿಗೆ ಬಡ್ಡಿ ಸಿಗಬಹುದು. ಮುಂದಿನ ಆರ್ಡರ್ ಸಿಗುತ್ತದೆಯೇ?

2023ರ ಹಣಕಾಸು ಕಾಯ್ದೆ ಬೇರೆ ದಾರಿ ಹಿಡಿಯಿತು. ಸಣ್ಣ ತಯಾರಕರಿಗೆ ಗಡುವಿನೊಳಗೆ ಹಣ ಕೊಡದಿದ್ದರೆ, ಕೊಡುವ ವರ್ಷದವರೆಗೂ ಖರೀದಿದಾರನಿಗೆ ಆ ಖರ್ಚಿನ ಮೇಲೆ ತೆರಿಗೆ ವಿನಾಯಿತಿ ಇಲ್ಲ. ಇಲ್ಲಿ ಯಾರೂ ಯಾರ ಮೇಲೂ ದೂರಬೇಕಿಲ್ಲ. ಕಂಪನಿಯ ಆಡಿಟರೇ ಎಚ್ಚರಿಸುತ್ತಾನೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲೂ ಇದೇ ಜಾಣತನವಿದೆ. ವೈಟ್‌ಫೀಲ್ಡಿನಲ್ಲಿ ಊಟ ತಲುಪಿಸುವ ಹುಡುಗನಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಐಡಿ ಬ್ಲಾಕ್ ಆದೀತೆಂಬ ಭಯದಲ್ಲಿ ಅವನು ಸುಮ್ಮನಿದ್ದರೂ ಅವನ ಪಾಲು ನಿಧಿಗೆ ಸೇರುತ್ತದೆ.

ಸಂಘಟನೆ ಬೇಡವೆಂದು ಇದರ ಅರ್ಥವಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಂಪಡೆಯಲು ಮಿತಿ ಹೇರಿದ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೂ ಪೀಣ್ಯದ ಬೀದಿಗೂ ಇಳಿದಾಗ ಕೇಂದ್ರ ಸರ್ಕಾರವೇ ಆ ನಿಯಮವನ್ನು ಕೈಬಿಟ್ಟಿತು. ಆದರೆ ದುಡಿದ ದುಡ್ಡಿಗಾಗಿ ಪ್ರತಿ ಸಲವೂ ಲಾಠಿ ಏಟು ತಿನ್ನಬೇಕೆ?

ಹೀಗೆ ಬಿಗಿ ಮಾಡಿದರೆ ಕಂಪನಿಗಳು ಹೊಸೂರಿಗೋ ಆಂಧ್ರಕ್ಕೋ ಹೋಗುತ್ತವೆ ಎಂಬ ಬೆದರಿಕೆ ಹಳೆಯದು. ಆದಾಯ ತೆರಿಗೆ ಹೊಸೂರಿನಲ್ಲೂ ಅದೇ. ವೈಟ್‌ಫೀಲ್ಡಿನ ಗಿರಾಕಿಗೆ ಊಟ ಕೊಡಲು ವೈಟ್‌ಫೀಲ್ಡಿಗೇ ಬರಬೇಕು.

ಸಿಎಸ್‌ಆರ್ ಇದೆಯಲ್ಲ ಎನ್ನುವವರೂ ಇದ್ದಾರೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಒಳ್ಳೆಯದೇ. ಆದರೆ ಪೀಣ್ಯದ ಬಿಲ್ಲು ಬಾಕಿ ಇಟ್ಟು ಶಾಲೆಗೆ ಬೆಂಚು ಕೊಟ್ಟರೆ ಅದು ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಇನ್ನು ಮುಂದೆ ಯಾವ ಸರ್ಕಾರ ದುರ್ಬಲರ ಪರ ಕಾಯ್ದೆ ತಂದರೂ ಒಂದೇ ಪ್ರಶ್ನೆ ಕೇಳೋಣ: ಇದು ಜಾರಿಯಾಗಲು ದುರ್ಬಲನೇ ಮೊದಲು ದೂರು ಕೊಡಬೇಕೆ? ಹೌದೆಂದಾದರೆ ಅದನ್ನು ತಿದ್ದಿ ಬರೆಯಿರಿ ಎಂದು ಹಿಂದಕ್ಕೆ ಕಳಿಸೋಣ.