ದಾರಿ ತಪ್ಪುವುದೂ ಒಂದು ವಿದ್ಯೆ

ಹುಡುಗರ ಕೈಗೆ ಮೊಬೈಲು ಬಂದಮೇಲೆ ಅವರ ಓದು ಕೆಟ್ಟಿತೆಂಬ ಮಾತು ಇಂದು ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಈ ದೂರನ್ನು ಸುಳ್ಳೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ರಾತ್ರಿಯೆಲ್ಲ ತೆರೆಯ ಮೇಲೆ ಬೆರಳಾಡಿಸಿ, ಬೆಳಗಿನ ತರಗತಿಯಲ್ಲಿ ತೂಕಡಿಸುವ ವಿದ್ಯಾರ್ಥಿಗಳ ಪರಿಚಯ ಕಾಲೇಜಿನ ಅಧ್ಯಾಪಕರಾದ ನಮಗೆ ಚೆನ್ನಾಗಿಯೇ ಉಂಟು. ಆದರೆ ಅಂತರಜಾಲದಲ್ಲಿ ದಾರಿ ತಪ್ಪುವುದೆಲ್ಲವೂ ಒಂದೇ ಬಗೆಯದಲ್ಲ. ಕೆಲವು ಅಲೆದಾಟಗಳು ಕಾಲವನ್ನು ನುಂಗುತ್ತವೆ. ಮತ್ತೆ ಕೆಲವು ಬುದ್ಧಿಯನ್ನು ಬೆಳೆಸುತ್ತವೆ. ಮೊದಲನೆಯದರಲ್ಲಿ ಮುಂದೆ ಏನನ್ನು ನೋಡಬೇಕೆಂಬುದನ್ನು ಯಂತ್ರವು ಗೊತ್ತುಮಾಡುತ್ತದೆ. ನಾವು ಹೊಳೆಯಲ್ಲಿ ಬಿದ್ದ ತರಗೆಲೆಯಂತೆ ಸಾಗುತ್ತೇವೆ. ಎರಡನೆಯದರಲ್ಲಿ ನಮ್ಮದೇ ಪ್ರಶ್ನೆಯೊಂದು ನಮ್ಮನ್ನು ನಡೆಸುತ್ತದೆ. ಈ ಭೇದವನ್ನು ಕಲಿಸದೆ ಮೊಬೈಲನ್ನು ಕಿತ್ತುಕೊಂಡರೆ ಹುಡುಗರು ಮತ್ತೊಂದು ಮೊಬೈಲನ್ನು ಹುಡುಕಿಯಾರೇ ಹೊರತು ವಿದ್ಯೆಯನ್ನು ಹುಡುಕಲಾರರು. ದಾರಿ ತಪ್ಪುವುದನ್ನೂ ಒಂದು ವಿದ್ಯೆಯಾಗಿ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮ ಅನುಭವಕ್ಕೆ ಬಂದ ಇಂತಹ ಒಂದು ಅಲೆದಾಟವನ್ನೇ ಇಲ್ಲಿ ಹೇಳುತ್ತೇವೆ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ ಕಂಪಲಾಪುರವೆಂಬ ಊರು ಸಿಕ್ಕುತ್ತದೆ. ಸುತ್ತಣ ರೈತರು ಬೆಳೆದು, ಬ್ಯಾರನ್ನುಗಳಲ್ಲಿ ಹದಮಾಡಿದ ಹೊಗೆಸೊಪ್ಪು ಅಲ್ಲಿನ ಮಾರುಕಟ್ಟೆಯಲ್ಲಿ ಹರಾಜಾಗುತ್ತದೆ. ಆ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬನು ಒಂದು ದಿನ, “ಸಾರ್, ನಮ್ಮ ಸೊಪ್ಪಿನ ಹರಾಜನ್ನು ನಡೆಸುವ ತಂಬಾಕು ಮಂಡಳಿಯ ದೊಡ್ಡ ಕಚೇರಿ ಎಲ್ಲಿದೆ?” ಎಂದು ಕೇಳಿದನು. ಇದು ಭೌತಶಾಸ್ತ್ರದ ಪ್ರಶ್ನೆಯಲ್ಲ. ಆದರೂ ಮೊಬೈಲನ್ನು ತೆರೆದು ನೋಡಿದೆವು. 1975ರ ಕಾಯಿದೆಯಂತೆ ಸ್ಥಾಪಿತವಾದ ಆ ಮಂಡಳಿಯ ಮುಖ್ಯ ಕಚೇರಿ ಆಂಧ್ರದ ಗುಂಟೂರಿನಲ್ಲಿದೆಯೆಂದು ತಿಳಿಯಿತು. ಅಲ್ಲಿಗೆ ಕೆಲಸ ಮುಗಿಯಿತೆಂದು ನಿಲ್ಲಬಹುದಾಗಿತ್ತು. ಆದರೆ ಗುಂಟೂರನ್ನು ಕುರಿತು ಇನ್ನಷ್ಟು ಓದುತ್ತಿರಲು, 1868ರ ಆಗಸ್ಟ್ 18ರಂದು ಅಲ್ಲಿ ಕಂಡ ಪೂರ್ಣ ಸೂರ್ಯಗ್ರಹಣದ ಪ್ರಸ್ತಾಪ ಎದುರಾಯಿತು. ಹೊಗೆಸೊಪ್ಪನ್ನು ಕೇಳಿ ಹೊರಟ ನಾವು ಸೂರ್ಯನ ಬಳಿಗೆ ಬಂದಿದ್ದೆವು!

ಆ ಗ್ರಹಣವನ್ನು ನೋಡಲು ಫ್ರಾನ್ಸಿನಿಂದ ಜಾನ್ಸೆನ್ ಎಂಬ ವಿಜ್ಞಾನಿ ಗುಂಟೂರಿಗೆ ಬಂದಿದ್ದರು. ಚಂದ್ರನು ಸೂರ್ಯಬಿಂಬವನ್ನು ಪೂರ್ತಿ ಮುಚ್ಚಿದಾಗ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳ ಬೆಳಕನ್ನು ಅವರು ರೋಹಿತದರ್ಶಕದಿಂದ ಪರೀಕ್ಷಿಸಿದರು. ಬಿಡಿಬಿಡಿಯಾದ ಪ್ರಕಾಶರೇಖೆಗಳು ಕಂಡವು. ಎಂದಮೇಲೆ ಆ ಜ್ವಾಲೆಗಳು ಕಾದ ಅನಿಲಗಳೆಂದು ಸ್ಪಷ್ಟವಾಯಿತು. ಆ ರೇಖೆಗಳು ಎಷ್ಟು ಉಜ್ಜ್ವಲವಾಗಿದ್ದುವೆಂದರೆ, ಗ್ರಹಣವಿಲ್ಲದಾಗಲೂ ಅವುಗಳನ್ನು ಕಾಣಬಹುದೆಂದು ಜಾನ್ಸೆನ್ನರಿಗೆ ಹೊಳೆದು, ಮಾರನೆಯ ದಿನವೇ ಅವರು ಅದನ್ನು ಸಾಧಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್ ಎಂಬವರು ಸ್ವತಂತ್ರವಾಗಿ ಇದೇ ವಿಧಾನವನ್ನು ಕಂಡುಕೊಂಡರು. ಆ ರೇಖೆಗಳಲ್ಲಿ ಹಳದಿ ಬಣ್ಣದ್ದೊಂದು, ಸುಮಾರು 587.6 ನ್ಯಾನೋಮೀಟರು ಅಲೆಯುದ್ದದ್ದು, ಆಗ ಗೊತ್ತಿದ್ದ ಯಾವ ಧಾತುವಿನ ರೇಖೆಗೂ ಹೊಂದಲಿಲ್ಲ. ಸೋಡಿಯಮ್ಮಿನ ಜೋಡಿ ರೇಖೆಗಳು 589.0 ಮತ್ತು 589.6ರಲ್ಲಿವೆ; ಇದು ಅವುಗಳ ನೆರೆಯದೇ, ಆದರೆ ಅವಲ್ಲ. ಸೂರ್ಯನ ಗ್ರೀಕ್ ಹೆಸರಿನಿಂದ ಆ ಅಜ್ಞಾತ ಧಾತುವಿಗೆ ಹೀಲಿಯಂ ಎಂಬ ಹೆಸರು ಬಂದಿತು. ಭೂಮಿಯ ಮೇಲಿನ ಖನಿಜವೊಂದರಿಂದ ರ್ಯಾಮ್ಸೇ ಅವರು ಅದನ್ನು ಹೊರತೆಗೆದದ್ದು 1895ರಲ್ಲಿ.

ಇಲ್ಲಿ ಒಂದು ಪಾಠವುಂಟು. ‘ಗುಂಟೂರಿನಲ್ಲಿ ಜಾನ್ಸೆನ್ ಹೀಲಿಯಮ್ಮನ್ನು ಕಂಡುಹಿಡಿದರು’ ಎಂಬ ವಾಕ್ಯ ನೂರಾರು ಪುಟಗಳಲ್ಲಿ ಕಾಣಸಿಗುತ್ತದೆ. ನೂರು ಕಡೆ ಇದ್ದಮಾತ್ರಕ್ಕೆ ಅದು ನಿಜವಾಗಬೇಕಿಲ್ಲ. ಒಂದನ್ನು ನೋಡಿ ತೊಂಬತ್ತೊಂಬತ್ತು ನಕಲಾಗಿರಬಹುದು. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಬಿಮನ್ ನಾಥ್ ಅವರು ಮೂಲ ಪತ್ರಗಳನ್ನು ಶೋಧಿಸಿ 2013ರಲ್ಲಿ ಹೀಲಿಯಮ್ಮಿನ ಕಥೆಯನ್ನೇ ಒಂದು ಗ್ರಂಥವಾಗಿ ಬರೆದರು. ಹಳದಿ ರೇಖೆಯು ಹೊಸ ಧಾತುವಿನದೆಂದು ಜಾನ್ಸೆನ್ ಹೇಳಿರಲಿಲ್ಲವೆಂಬುದು ಅದರಿಂದ ತಿಳಿಯುತ್ತದೆ. ಆ ರೇಖೆಯು ಸೋಡಿಯಮ್ಮಿನದಲ್ಲವೆಂದು ಅಳೆದು ತೋರಿಸಿದ ಶ್ರೇಯಸ್ಸು ಮುಖ್ಯವಾಗಿ ಲಾಕಿಯರ್ ಅವರದು. ಅಂತರಜಾಲದಲ್ಲಿ ಅಲೆಯುವವನು ಹೀಗೆ ಮೇಲ್ಹರಿವನ್ನು ಬಿಟ್ಟು ಮೂಲದ ಕಡೆಗೆ ನಡೆಯುವುದನ್ನು ಕಲಿತನಾದರೆ, ಅವನ ಅಲೆದಾಟ ಆಗಲೇ ಅಧ್ಯಯನವಾಯಿತು.

ಆ ವಿದ್ಯಾರ್ಥಿಯು ಅಷ್ಟಕ್ಕೆ ನಮ್ಮನ್ನು ಬಿಡಲಿಲ್ಲ. “ಗ್ರಹಣ ಗುಂಟೂರಿನಲ್ಲಿಯೇ ಕಾಣುವುದೆಂದು ಫ್ರಾನ್ಸಿನವರಿಗೆ ಮೊದಲೇ ಹೇಗೆ ಗೊತ್ತಾಯಿತು?” ಎಂದನು. ಒಳ್ಳೆಯ ಪ್ರಶ್ನೆ. ಚಂದ್ರ ಮತ್ತು ಭೂಮಿಯ ಚಲನೆಗಳನ್ನು ಬಲ್ಲ ಗಣಿತಜ್ಞನಿಗೆ ಮುಂದಿನ ಗ್ರಹಣಗಳಷ್ಟೇ ಅಲ್ಲ, ಹಿಂದಿನ ಗ್ರಹಣಗಳೂ ಲೆಕ್ಕಕ್ಕೆ ಸಿಕ್ಕುತ್ತವೆ. ಎಸ್ಪೆನಾಕ್ ಮತ್ತು ಮೀಯಸ್ ಎಂಬ ಇಬ್ಬರು ಕೂಡಿ ಐದು ಸಾವಿರ ವರ್ಷಗಳ ಅವಧಿಯ 11,898 ಸೂರ್ಯಗ್ರಹಣಗಳನ್ನು ಪಟ್ಟಿಮಾಡಿದ್ದಾರೆ; ಅಮೆರಿಕದ ನಾಸಾ ಸಂಸ್ಥೆಯ ತಾಣದಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು. 2019ರ ಡಿಸೆಂಬರ್ 26ರ ಬೆಳಗ್ಗೆ ಕಾಸರಗೋಡು ಮತ್ತು ಕೊಡಗುಗಳ ಮೇಲೆ ಹಾದುಹೋದ ಕಂಕಣಗ್ರಹಣವೂ ಅದರಲ್ಲಿದೆ, ಹೊಯ್ಸಳರ ಕಾಲದಲ್ಲಿ ನಮ್ಮ ಪೂರ್ವಿಕರು ಕಂಡ ಗ್ರಹಣಗಳೂ ಇವೆ.

ಪೂರ್ವಿಕರು ಕಂಡದ್ದಕ್ಕೆ ಸಾಕ್ಷಿಯೇನು? ಸಾಕ್ಷಿ ನಮ್ಮ ಊರುಗಳ ಗುಡಿಗಳ ಮುಂದೆಯೇ ನಿಂತಿದೆ. ಸೂರ್ಯಗ್ರಹಣದ ಪುಣ್ಯಕಾಲದಲ್ಲಿ ಭೂಮಿಯನ್ನು ದಾನಮಾಡಿ, ಅದನ್ನು ಕಲ್ಲಿನಲ್ಲಿ ಬರೆಯಿಸುವ ಪದ್ಧತಿ ಕನ್ನಡನಾಡಿನಲ್ಲಿ ಶತಮಾನಗಳ ಕಾಲ ನಡೆದುಬಂದಿತು. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ಸಂಸ್ಥಾನದ ಊರೂರುಗಳಿಂದ ಇಂತಹ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. 1898ರಲ್ಲಿ ಹೊರಬಂದ ನಾಲ್ಕನೆಯ ಸಂಪುಟದಲ್ಲಿ ಹುಣಸೂರು, ಹೆಗ್ಗಡದೇವನಕೋಟೆ ಮತ್ತು ಇಂದು ಕೃಷ್ಣರಾಜನಗರವೆನಿಸಿರುವ ಎಡತೊರೆ ತಾಲ್ಲೂಕುಗಳ ಶಾಸನಗಳಿವೆ. ಒಂದು ಕಾಲದಲ್ಲಿ ದೊಡ್ಡ ಗ್ರಂಥಾಲಯಗಳ ಬೀರುಗಳಲ್ಲಿದ್ದ ಈ ಸಂಪುಟಗಳು ಇಂದು ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಗ್ರಂಥಭಂಡಾರದಲ್ಲಿ ಪುಟಪುಟವಾಗಿ ತೆರೆದಿವೆ. ವಿದ್ಯಾರ್ಥಿಯು ತನ್ನ ತಾಲ್ಲೂಕಿನ ಶಾಸನಗಳಲ್ಲಿ ಸೂರ್ಯಗ್ರಹಣವೆಂಬ ಮಾತಿರುವುದನ್ನು ಹುಡುಕಲಿ. ಶಕವರ್ಷಕ್ಕೆ 78ನ್ನು, ವರ್ಷಾಂತ್ಯದ ತಿಂಗಳಾದರೆ 79ನ್ನು ಕೂಡಿಸಿ ಕ್ರಿಸ್ತವರ್ಷವನ್ನು ಪಡೆಯಲಿ. ಆ ವರ್ಷ ನಮ್ಮ ಕಡೆ ಗ್ರಹಣ ಕಂಡಿತೆ ಎಂಬುದನ್ನು ಪಟ್ಟಿಯಲ್ಲಿ ನೋಡಲಿ. ಲೆಕ್ಕ ಕೂಡಿದರೆ ಸಂತೋಷ. ಕೂಡದಿದ್ದರೆ ಇನ್ನೂ ಸಂತೋಷ; ಬರೆದವನು ತಪ್ಪಿದನೆ, ಓದಿದವನು ತಪ್ಪಿದನೆ, ಕಣ್ಣಿಗೆ ಕಾಣದ ಗ್ರಹಣವನ್ನು ಪಂಚಾಂಗದಿಂದ ಬರೆದರೆ ಎಂಬ ಹೊಸ ಪ್ರಶ್ನೆಗಳು ಹುಟ್ಟುತ್ತವೆ. ಬೆಂಗಳೂರಿನ ನೆಹರು ತಾರಾಲಯದಲ್ಲಿದ್ದ ಬಿ. ಎಸ್. ಶೈಲಜಾ ಅವರು ಇಂತಹ ಶಾಸನಗಳನ್ನು ಖಗೋಳದ ದೃಷ್ಟಿಯಿಂದ ಪರಿಶೀಲಿಸಿದ್ದಾರೆ. ಇದು ಮಕ್ಕಳಾಟವಲ್ಲವೆಂಬುದಕ್ಕೆ ಅದೇ ಸಾಕು.

ಹಳೆಯ ಗ್ರಹಣಗಳಿಂದ ಭೌತಶಾಸ್ತ್ರಕ್ಕೆ ಆದ ಲಾಭ ಅಲ್ಪವಲ್ಲ. ದಾನಶಾಸನಗಳು ಸಾಮಾನ್ಯವಾಗಿ ಗ್ರಹಣದ ಗಳಿಗೆಯನ್ನು ಹೇಳುವುದಿಲ್ಲ. ಆದರೆ ಬ್ಯಾಬಿಲೋನಿನ ಮಣ್ಣಿನ ಫಲಕಗಳಲ್ಲಿಯೂ, ಚೀನೀಯರ ಮತ್ತು ಅರಬರ ದಾಖಲೆಗಳಲ್ಲಿಯೂ ಹೊತ್ತಿನ ಉಲ್ಲೇಖವುಂಟು. ಸ್ಟೀಫನ್‌ಸನ್ ಮೊದಲಾದವರು ಇವುಗಳನ್ನು ಲೆಕ್ಕಕ್ಕೆ ಹೋಲಿಸಿ, ಭೂಮಿಯ ಆವರ್ತನೆ ನಿಧಾನವಾಗುತ್ತಿದೆಯೆಂದೂ, ನಮ್ಮ ದಿನವು ಶತಮಾನಕ್ಕೆ ಸರಾಸರಿ 1.78 ಮಿಲಿಸೆಕೆಂಡಿನಷ್ಟು ಉದ್ದವಾಗುತ್ತಿದೆಯೆಂದೂ 2016ರಲ್ಲಿ ತೋರಿಸಿದರು. ಇಷ್ಟು ಅಲ್ಪವಾದುದು ಕಂಡದ್ದು ಹೇಗೆ? ನಮ್ಮ ಸೆಕೆಂಡಿನ ಅಳತೆ ಸುಮಾರು 1820ರ ದಿನಕ್ಕೆ ಹೊಂದುತ್ತದೆ. ಕ್ರಿಸ್ತಶಕದ ಆರಂಭದಲ್ಲಿ ದಿನವು ಅದಕ್ಕಿಂತ 32 ಮಿಲಿಸೆಕೆಂಡು ಚಿಕ್ಕದಾಗಿತ್ತು. ನಡುವಣ ಸರಾಸರಿ ವ್ಯತ್ಯಾಸ 16 ಮಿಲಿಸೆಕೆಂಡು. ದಿನಗಳ ಸಂಖ್ಯೆ ಸುಮಾರು 6,65,000. ಗುಣಿಸಿ ನೋಡಿರಿ, ಹತ್ತಿರಹತ್ತಿರ ಮೂರು ಗಂಟೆಗಳಾಗುತ್ತವೆ! ಹನಿಹನಿಗೂಡಿದರೆ ಹಳ್ಳವೆಂಬುದು ಇದಕ್ಕೇ ಸಲ್ಲುವ ಮಾತು. ಇದಕ್ಕೆ ಮುಖ್ಯ ಕಾರಣ ಕಡಲಿನ ಉಬ್ಬರವಿಳಿತಗಳ ಘರ್ಷಣೆ. ಭೂಮಿ ಕಳೆದುಕೊಂಡ ಆವರ್ತನೆಯನ್ನು ಪಡೆದುಕೊಳ್ಳುವ ಚಂದ್ರನು ವರ್ಷಕ್ಕೆ 3.8 ಸೆಂಟಿಮೀಟರಿನಷ್ಟು ದೂರ ಸರಿಯುತ್ತಿದ್ದಾನೆ. 1969ರಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕದಿಂದ ಲೇಸರ್ ಕಿರಣವನ್ನು ಹಿಂದಿರುಗಿಸಿ ಇದನ್ನು ಅಳೆಯುತ್ತಾರೆ.

ಕಂಪಲಾಪುರದ ಹರಾಜುಕಟ್ಟೆಯಿಂದ ಗುಂಟೂರು, ಅಲ್ಲಿಂದ ಸೂರ್ಯ, ಸೂರ್ಯನಿಂದ ಮತ್ತೆ ನಮ್ಮೂರ ಶಾಸನ, ಕೊನೆಗೆ ಚಂದ್ರ. ಪಠ್ಯಪುಸ್ತಕ ಹಾಕಿದ ದಾರಿಯಲ್ಲಿ ಇಂತಹ ಪ್ರಯಾಣ ಸಾಧ್ಯವಾಗುತ್ತಿರಲಿಲ್ಲ. ಇಂತಹ ಹಾದಿಗಳು ಇನ್ನೂ ಅನೇಕವಿವೆ. 1868ನ್ನೇ ತೆಗೆದುಕೊಂಡು ಅಂಕಿಗಳನ್ನು ಇಳಿಕೆಯಲ್ಲಿಯೂ ಏರಿಕೆಯಲ್ಲಿಯೂ ಬರೆದು ಕಳೆಯಿರಿ: 8861ರಿಂದ 1688ನ್ನು ಕಳೆದರೆ 7173. ಹೀಗೆಯೇ ಮುಂದುವರಿದರೆ 6354, 3087, 8352, ಕೊನೆಗೆ 6174. ಅದು ಮತ್ತೆ ಬದಲಾಗದು. ಮಹಾರಾಷ್ಟ್ರದ ದೇವಳಾಲಿಯ ಶಾಲೆಯ ಉಪಾಧ್ಯಾಯರಾಗಿದ್ದ ಕಾಪ್ರೇಕರರು ಕಂಡ ವಿಸ್ಮಯವಿದು. ಸಂಖ್ಯೆಗಳ ಇಂತಹ ಮೂರು ಲಕ್ಷಕ್ಕೂ ಹೆಚ್ಚು ಶ್ರೇಣಿಗಳ ವಿಶ್ವಕೋಶವೊಂದನ್ನು ಸ್ಲೋನ್ ಎಂಬ ಗಣಿತಜ್ಞರು 1964ರಲ್ಲಿ ವಿದ್ಯಾರ್ಥಿದೆಸೆಯಲ್ಲಿ ಆರಂಭಿಸಿದರು; ಈಗ ಅದು ಜಾಲದಲ್ಲಿದೆ. ಆಕಾಶಗಂಗೆಗಳ ಚಿತ್ರಗಳನ್ನು ಸಾಮಾನ್ಯರಿಂದ ವಿಂಗಡಿಸುವ ‘ಗ್ಯಾಲಕ್ಸಿ ಜೂ’ ಎಂಬ ತಾಣದಲ್ಲಿ 2007ರಲ್ಲಿ ಹಾಲೆಂಡಿನ ಉಪಾಧ್ಯಾಯಿನಿಯೊಬ್ಬರು ಖಗೋಳಜ್ಞರೇ ಅರಿಯದಿದ್ದ ಬೆಳಕಿನ ಮೋಡವೊಂದನ್ನು ಗುರುತಿಸಿದರು. ಹೊಗೆಸೊಪ್ಪಿನ ಎಲೆಗೆ ಬರುವ ಮಚ್ಚೆರೋಗವನ್ನು ಹಿಡಿದು ಹೊರಟರೆ, ವೈರಸ್ಸು ಮೊದಲು ಪತ್ತೆಯಾದ ಕಥೆಯೂ, ಅದರ ರಚನೆಯನ್ನು ಎಕ್ಸ್-ಕಿರಣಗಳಿಂದ ಅರಸಿದ ರೋಸಲಿಂಡ್ ಫ್ರಾಂಕ್ಲಿನ್ನರ ಜೀವನವೂ ಸಿಕ್ಕುತ್ತವೆ.

ಹೀಗೆ ಅಲೆಯುವವರು ಮೂರು ನಿಯಮಗಳನ್ನು ಪಾಲಿಸಬೇಕೆಂದು ನಾವು ಹೇಳುತ್ತೇವೆ. ಹೊರಡುವ ಮೊದಲು ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಳ್ಳಿರಿ. ಎಷ್ಟು ದೂರ ಹೋದಿರೆಂಬುದಕ್ಕೆ ಅದೇ ಮೈಲಿಗಲ್ಲು. ಒಂದು ಮಾತನ್ನು ನಂಬುವ ಮೊದಲು ಅದರ ಮೂಲವನ್ನು ಕೇಳಿರಿ. ಮೂರನೆಯದಾಗಿ, ತೆರೆಯ ಮೇಲೆ ಕಂಡುದರಲ್ಲಿ ಒಂದನ್ನಾದರೂ ಕೈಯಿಂದ ಮಾಡಿರಿ. ಒಲೆಯ ನೀಲಿ ಜ್ವಾಲೆಗೆ ಚಿಟಿಕೆ ಉಪ್ಪನ್ನು ಹಾಕಿದರೆ ಏಳುವ ಹಳದಿ ಬೆಳಕು ಸೋಡಿಯಮ್ಮಿನದೇ. ಅದನ್ನು ಹಳೆಯ ಸಿ.ಡಿ.ಯ ಮೇಲೆ ಪ್ರತಿಫಲಿಸಿ ನೋಡಿದರೆ ಲಾಕಿಯರ್ ಅವರ ತೊಡಕು ನಿಮಗೂ ಅರ್ಥವಾದೀತು. ಸೂರ್ಯನನ್ನು ಮಾತ್ರ ನೇರವಾಗಿಯಾಗಲಿ, ಸಿ.ಡಿ.ಯಲ್ಲಿಯಾಗಲಿ ಎಂದಿಗೂ ನೋಡಕೂಡದು.

ಕೊನೆಗೆ ನಮ್ಮನ್ನು ಬಾಧಿಸುವ ಸಂಗತಿಯೊಂದನ್ನು ಹೇಳಬೇಕಾಗಿದೆ. ಮೇಲಿನ ಪ್ರಯಾಣದ ಹೆಚ್ಚುಪಾಲು ಇಂಗ್ಲಿಷಿನಲ್ಲಿ ನಡೆಯಿತು. ಕನ್ನಡದಲ್ಲಿ ಓದಿಬಂದ ಆ ವಿದ್ಯಾರ್ಥಿಗೆ ನಾವು ಪಕ್ಕದಲ್ಲಿ ಕುಳಿತು ಅರ್ಥ ಹೇಳಬೇಕಾಯಿತು. ಒಬ್ಬನೇ ಇದ್ದಿದ್ದರೆ ಅವನು ಎರಡನೆಯ ಮೆಟ್ಟಿಲಲ್ಲಿಯೇ ನಿಂತು, ಯಂತ್ರ ತೋರಿಸುವ ಕುಣಿತದ ಚಿತ್ರಗಳಿಗೆ ಮರಳುತ್ತಿದ್ದನೋ ಏನೋ! ಅದು ಅವನ ಕುತೂಹಲದ ದೋಷವಲ್ಲ. ದಾರಿಯಲ್ಲಿ ಕನ್ನಡದ ಕೈಮರ ಇಲ್ಲದಿರುವ ದೋಷ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಲ್ಲಿ ಯಾರೂ ಬರೆಯಬಹುದು; ಆದರೆ ಬರೆಯುವವರು ಕೆಲವರೇ. ಓದಿ ಬಂದವನು ತಾನು ಕಂಡ ಒಂದು ಸಂಗತಿಯನ್ನು, ಮೂಲವನ್ನು ಹೇಳಿ, ಹತ್ತು ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆದಿಡಲಿ. ಹತ್ತು ವಾಕ್ಯ ಬರೆಯಲು ಪಾಂಡಿತ್ಯ ಬೇಕಿಲ್ಲ. ಆದರೆ ಅರ್ಥವಾಗದುದನ್ನು ಹತ್ತು ವಾಕ್ಯಗಳಲ್ಲಿ ಬರೆಯಲು ಆಗದು. ಆದ್ದರಿಂದ ಅದು ಬರೆದವನಿಗೂ ಪರೀಕ್ಷೆಯೇ.

ನಮ್ಮ ವಿದ್ಯಾರ್ಥಿಯು ಈಗ ತನ್ನ ಊರಿನ ಸುತ್ತಣ ಶಾಸನಗಳ ಪಟ್ಟಿಯನ್ನು ಮಾಡುತ್ತಿದ್ದಾನೆ. ಹೊಗೆಸೊಪ್ಪಿನ ಕೆಲಸ ಮುಗಿದ ಮೇಲೆ ಸಂಜೆಯ ಹೊತ್ತು ಅದಕ್ಕೆ ಮೀಸಲು. ಆಗಲೂ ಅವನ ಕೈಯಲ್ಲಿರುವುದು ಅದೇ ಮೊಬೈಲು. ಗ್ರಹಣದ ಶಾಸನವೊಂದು ಸಿಕ್ಕಿ ಲೆಕ್ಕ ಕೂಡಿದರೆ ಬರೆದು ತೋರಿಸುವೆನೆಂದಿದ್ದಾನೆ. ನಾವು ಕಾಯುತ್ತಿದ್ದೇವೆ.