ಫಾರ್ಮಿನ ಎರಡನೇ ಹೆಸರು

ವಾಣಿಜ್ಯ ವಿಭಾಗದ ಪ್ರದರ್ಶನಕ್ಕೆ ನಾವು ತರಗತಿ ಕೋಣೆಯನ್ನೇ ಮಂಗಳೂರು–ದುಬೈ ವಿಮಾನ ಮಾಡಿದ್ದೆವು. ಟಿಕೆಟ್ ಬುಕಿಂಗ್ ಆನ್‌ಲೈನ್. ಫಾರ್ಮ್ ಮಾಡಿದವಳು ನಾನೇ. ಹೆಸರು, ಉಪನಾಮ ಎರಡನ್ನೂ ಕಡ್ಡಾಯ ಮಾಡಿದ್ದೆ. ನನ್ನ ಬೆಂಚಿನವಳಿಗೆ ಇರುವುದು ಒಂದೇ ಹೆಸರು. ಉಪನಾಮದ ಜಾಗದಲ್ಲಿ ಚುಕ್ಕಿ ಇಟ್ಟು ಸೀಟು ಪಡೆದಳು. ಎಲ್ಲರೂ ನಕ್ಕೆವು.

ನಿಜವಾದ ಪ್ರಯಾಣದಲ್ಲಿ ಚುಕ್ಕಿ ನಡೆಯುವುದಿಲ್ಲ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಸಂದರ್ಶಕರಿಗೆ ಪ್ರವೇಶವಿಲ್ಲ ಎಂದಿತು. ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕು ಎಂದು ಆಮೇಲೆ ಸಡಿಲಿಸಿತು. ಉಪನಾಮವೇ ಇಲ್ಲದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅದು ನಮ್ಮ ತಪ್ಪೂ ಅಲ್ಲ.

ಆದರೂ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್‌ಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಡಲು ಕಾಲೇಜು ಕಚೇರಿ ಒಂದು ದಿನ ಮೀಸಲಿಡಲಿ. ನನ್ನ ಫಾರ್ಮಿನ ‘ಕಡ್ಡಾಯ’ವನ್ನು ಅಂದೇ ತೆಗೆದಿದ್ದೇನೆ.