ಥರ್ಮೊಕೋಲಿನ ಕೇಕು, ಮನೆಯ ಕೇಕು

ಮುಂಬಯಿಗೆ ಬಂದು ನಲವತ್ತು ವರ್ಷ ಕಳೆದರೂ ಊರಿನಿಂದ ಬರುವ ಒಂದು ಮಾತು ತಪ್ಪಿದ್ದಿಲ್ಲ: "ನೀವು ಮುಂಬಯಿಯವರು ಸಂಸ್ಕೃತಿ ಬಿಟ್ಟವರು." ಮಗಳ ಮದುವೆಯಲ್ಲೂ ಬಂತು. ಕಾರಣ, ಆರತಕ್ಷತೆಗೆಂದು ಅವಳೇ ಮನೆಯಲ್ಲಿ ಮಾಡಿದ ಮೂರು ಅಂತಸ್ತಿನ ಕೇಕು. ಕುಂದಾಪುರದಿಂದ ಅಣ್ಣ ಫೋನಿನಲ್ಲಿ, "ಎಂತ ಮಾರಾಯಾ, ಮದಿಗೆ ಕೇಕ್ ಎಂತಕೆ? ನಾವೇನು ಬಿಳಿಯರಾ?" ಎಂದ. ಅಂದು ಸುಮ್ಮನಿದ್ದೆ. ಇಂದು ಹೇಳಿಯೇ ಬಿಡುತ್ತೇನೆ.

ಕೇಕು ಪರದೇಶದ್ದು, ಒಪ್ಪಿದೆ. ಆದರೆ ನಮ್ಮದೇ ಕರಾವಳಿಯ ಕ್ರೈಸ್ತರ ಮದುವೆಗಳಲ್ಲಿ ಅದು ತಲೆಮಾರುಗಳಿಂದ ಇದೆ. ಅವರೇನು ಬಿಳಿಯರೇ? ಊರಿನ ಆರತಕ್ಷತೆಗಳಲ್ಲಿ ಜನ ಮುಗಿಬೀಳುವ ಗೋಬಿ ಮಂಚೂರಿ ಯಾವ ಶಾಸ್ತ್ರದಲ್ಲಿದೆ ಸ್ವಾಮಿ? ಆ ಮಂಚೂರಿಯನ್ ಹುಟ್ಟಿದ್ದು ನಮ್ಮ ಈ ಮುಂಬಯಿಯಲ್ಲೇ, 1975ರಲ್ಲಿ, ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ, ನೆಲ್ಸನ್ ವಾಂಗ್ ಎಂಬ ಬಾಣಸಿಗರ ಕೈಯಲ್ಲಿ. ಅವರು ಮಾಡಿದ್ದು ಕೋಳಿಯದ್ದು. ಗೋಬಿ ಆಮೇಲೆ ಬಂತು. 2024ರ ಮಾರ್ಚಿನಲ್ಲಿ ಅದರ ಕೃತಕ ಬಣ್ಣವನ್ನು ಕರ್ನಾಟಕ ಸರಕಾರ ನಿಷೇಧಿಸಬೇಕಾಯಿತು. ಅದು ನಮ್ಮದಾಯಿತು, ಕೇಕು ಮಾತ್ರ ಪರಕೀಯ!

ನಿಜ ಹೇಳುತ್ತೇನೆ, ಮೊದಲು ವಿರೋಧಿಸಿದವನು ನಾನೇ. ಜೀವಮಾನವಿಡೀ ಬ್ಯಾಂಕಿನ ಲೆಕ್ಕ ತಾಳೆ ನೋಡಿದವನಿಗೆ ಇದೊಂದು ನಷ್ಟದ ಖಾತೆಯಾಗಿ ಕಂಡಿತ್ತು. ಮುಲುಂಡಿನ ನಮ್ಮ ಎರಡು ಕೋಣೆಯ ಮನೆಯ ಓವನ್ನಿಗೆ 10 ಇಂಚಿಗಿಂತ ದೊಡ್ಡ ಟಿನ್ನು ಹಿಡಿಯುವುದಿಲ್ಲ. ಹಾಗಾಗಿ 10, 8, 6 ಇಂಚು ಎಂದು ಮಗಳು ತೀರ್ಮಾನಿಸಿದಳು. ಕ್ರಾಫರ್ಡ್ ಮಾರ್ಕೆಟಿನ ಸುತ್ತಲಿನ ಗಲ್ಲಿಗಳಿಂದ ಟಿನ್ನು, ರಟ್ಟು ತಂದಳು. ಅಜ್ಜಿಗೆಂದು ಕೆಳಗಿನ ಅಂತಸ್ತು ಮೊಟ್ಟೆಯಿಲ್ಲದ್ದು. ಮೂರನೇ ಮಾಳಿಗೆಯ ಮಂಗಳೂರಿನ ಕ್ರೈಸ್ತ ಹೆಂಗಸು, ನಮ್ಮ ಮಕ್ಕಳೆಲ್ಲ 'ಬಾಯಿ' ಎಂದು ಕರೆಯುವವರು, ಎದುರು ಕೂತು ಗುಟ್ಟು ಹೇಳಿಕೊಟ್ಟರು: ಪ್ರತಿ ಅಂತಸ್ತಿನ ಅಡಿಗೂ ರಟ್ಟು ಇರಬೇಕು, ಕೆಳಗಿನ ಕೇಕಿನೊಳಗೆ ಅದರಷ್ಟೇ ಎತ್ತರಕ್ಕೆ ಕತ್ತರಿಸಿದ ಕಡ್ಡಿಗಳನ್ನು ನಿಲ್ಲಿಸಬೇಕು. ಆಗ ಮೇಲಿನ ಭಾರ ಕಡ್ಡಿಗಳ ಮೇಲೆ ನಿಲ್ಲುತ್ತದೆ. ಇಲ್ಲವಾದರೆ ಎಲ್ಲ ಕುಸಿದು ಪಾಯಸ!

ನಮ್ಮ ಫ್ರಿಜ್ಜಿನಲ್ಲಿ ಹಿಡಿದದ್ದು ಒಂದೇ ಅಂತಸ್ತು. ಎರಡನೆಯದು ಬಾಯಿಯ ಮನೆಗೆ, ಮೂರನೆಯದು ಎದುರಿನ ಗುಜರಾತಿಗಳ ಮನೆಗೆ ಹೋಯಿತು. ಆ ರಾತ್ರಿ ನನಗೆ ನೆನಪಾದದ್ದು ಅಕ್ಕನ ಮದುವೆ. ಚಾಪೆ ಒಂದು ಮನೆಯಿಂದ, ಕೊಪ್ಪರಿಗೆ ಇನ್ನೊಂದು ಮನೆಯಿಂದ. ಹಿಂದಿನ ರಾತ್ರಿ ನೆರೆಕರೆಯವರೆಲ್ಲ ಕೂತು ತರಕಾರಿ ಹೆಚ್ಚಿದ್ದು, ಲಾಡು ಕಟ್ಟಿದ್ದು. ಸಂಸ್ಕೃತಿ ಅಂದರೆ ಇದೇ ಅಲ್ಲವೇ?

ಮರುದಿನ ಕುರ್ಲಾದ ಹಾಲಿಗೆ ಒಯ್ಯುವಾಗ ಟ್ಯಾಕ್ಸಿ ಗುಂಡಿಗೆ ಬಿದ್ದು ನಡುವಿನ ಅಂತಸ್ತಿನ ಬದಿ ತಗ್ಗಾಯಿತು. ಮಗಳ ಕಣ್ಣಲ್ಲಿ ನೀರು. ನನ್ನ ಹೆಂಡತಿ ತನ್ನ ಮುಡಿಯಿಂದ ಶಂಕರಪುರ ಮಲ್ಲಿಗೆಯ ತುಂಡು ತೆಗೆದು ಅಲ್ಲಿಗೆ ಸುತ್ತಿದಳು. ಬಂದವರೆಲ್ಲ ಅದನ್ನೇ ಅಲಂಕಾರವೆಂದು ಮೆಚ್ಚಿದರು.

ಈಗ ಅಣ್ಣನ ಮಗನ ಆರತಕ್ಷತೆಗೆ ಬರೋಣ. ಅಲ್ಲಿಯೂ ಕೇಕಿತ್ತು ಮಾರಾಯ್ರೆ, ಐದು ಅಂತಸ್ತಿನದು! ಗುತ್ತಿಗೆಯವನ ಪ್ಯಾಕೇಜಿನಲ್ಲಿ ಬಂದದ್ದಂತೆ. ಹತ್ತಿರ ಹೋಗಿ ನೋಡಿದರೆ ನಾಲ್ಕು ಅಂತಸ್ತು ಥರ್ಮೊಕೋಲು. ವಧೂವರರು ಕತ್ತಿ ಇಟ್ಟ ಕಡೆ ಮಾತ್ರ ಅಂಗೈಯಷ್ಟು ನಿಜವಾದ ಕೇಕು. ಊಟ ಮುಗಿಯುವ ಮೊದಲೇ ಮುಂದಿನ ಮದುವೆಗೆಂದು ಅದನ್ನು ಟೆಂಪೋಗೆ ಏರಿಸಿದರು. ಆ ಮದುವೆಯಲ್ಲಿ ಮನೆಯವರ ಕೈ ತಗುಲಿದ ವಸ್ತು ಒಂದೂ ಇರಲಿಲ್ಲ. ಬಡಿಸುವವರು ಬಾಡಿಗೆಯವರು, ಬಾಗಿಲಲ್ಲಿ ಪನ್ನೀರು ಎರಚಿದ ಹುಡುಗಿಯರೂ ಬಾಡಿಗೆಯವರೇ.

ಎಲ್ಲರೂ ಮನೆಯಲ್ಲಿ ಕೇಕು ಮಾಡಿರೆಂದು ನಾನು ಹೇಳುವುದಿಲ್ಲ. ಮೂರು ರಾತ್ರಿ ನಿದ್ದೆ ಕೆಟ್ಟದ್ದು ನಮಗೇ ಗೊತ್ತು. ಕೇಕು ಬೇಡವೆಂದರೆ ಬೇಡವೇ ಬೇಡ. ಆದರೆ ಪರಊರಿನ ನಮಗೆ ಸಂಸ್ಕೃತಿಯ ಪಾಠ ಹೇಳುವ ಮೊದಲು, ಅಣ್ಣಾ, ಮುಂದಿನ ಮದುವೆಗೆ ಒಂದು ಬುಟ್ಟಿ ಲಾಡನ್ನಾದರೂ ಮನೆಯಲ್ಲೇ ಕಟ್ಟಿಸು. ಕಟ್ಟಲು ಕೈ ಸಾಲದಿದ್ದರೆ ಒಂದು ಫೋನ್ ಮಾಡು. ನಾವು ಮುಂಬಯಿಯಿಂದ ಬರುತ್ತೇವೆ.